ವಕೀಲರ ಮನೆ ವಿಷಯ ಪರಿಷತ್ತಿಗೇಕೆ?

ಚಿಕ್ಕಬಾಣಾವರದಲ್ಲಿ ವಕೀಲರ ಬೋರ್ಡಿಗೆ ಬರವಿಲ್ಲ. ಹೆಸರಘಟ್ಟ ರಸ್ತೆಯುದ್ದಕ್ಕೂ ಪಿ.ಜಿ.ಗಳು, ಜೆರಾಕ್ಸ್ ಅಂಗಡಿಗಳು, ಅವುಗಳ ನಡುವೆ ‘ಅಡ್ವೊಕೇಟ್ ಅಂಡ್ ನೋಟರಿ’ ಎಂಬ ಫಲಕ. ಪೀಣ್ಯದ ಕಾರ್ಖಾನೆಗಳಿಗೆ ಹೋಗುವವರು, ಸೋಲದೇವನಹಳ್ಳಿ ಕಡೆಯ ಕಾಲೇಜುಗಳಿಗೆ ಬಂದ ಹುಡುಗರು ಬಾಡಿಗೆ ಹಿಡಿದು ತುಂಬಿಕೊಂಡ ಊರಿದು. ರೆವಿನ್ಯೂ ಸೈಟುಗಳ ಊರೂ ಹೌದು. ಉಪನಗರ ರೈಲಿನ ಮಲ್ಲಿಗೆ ಮಾರ್ಗ ಇಲ್ಲಿಗೇ ಬಂದು ಮುಗಿಯಬೇಕು. ಜಾಗಕ್ಕೆ ಬೆಲೆ ಬಂದಲ್ಲಿ ಪಾಲುಪಾರಿಕತ್ತಿನ ಜಗಳವೂ ಬರುತ್ತದೆ, ಅದರ ಹಿಂದೆಯೇ ವಕೀಲರೂ.

ಇಂಥ ಊರಿನಲ್ಲಿ ವಕೀಲನೆಂದರೆ ಕೋರ್ಟಿನಲ್ಲಿ ಮಾತ್ರ ಕಾಣುವ ಕರಿಕೋಟಿನ ವ್ಯಕ್ತಿಯಲ್ಲ. ಪಕ್ಕದ ಬೀದಿಯ ಮನೆ ಮಾಲೀಕ, ಎದುರುಮನೆಯ ಬಾಡಿಗೆದಾರ, ಚೀಟಿ ಗುಂಪಿನ ಸದಸ್ಯ, ತಮ್ಮನ ಜತೆ ಪಾಲಿಗೆ ಬಡಿದಾಡುತ್ತಿರುವ ಅಣ್ಣ. ಯಾರ ಮನೆಗೆ ಯಾರು ಬಂದು ಹೋಗುತ್ತಾರೆಂಬುದು ಬೀದಿಗೆಲ್ಲ ಗೊತ್ತು. ಹಾಗಾಗಿ ಟೀ ಅಂಗಡಿಯ ಮುಂದೆ ಇಂಥ ಪ್ರಶ್ನೆ ಏಳುವುದರಲ್ಲಿ ಆಶ್ಚರ್ಯವಿಲ್ಲ: ‘ಎರಡು ಸಂಸಾರ ಇಟ್ಕೊಂಡೋನಿಗೆ ಸನ್ನದು ಹೆಂಗೆ ಉಳ್ಕೊಂಡೈತೆ? ಕಿತ್ಕೊಳ್ಳೋರು ಯಾರೂ ಇಲ್ವಾ?’

ಕಿತ್ತುಕೊಳ್ಳುವವರು ಇದ್ದಾರೆ. ಬೆಂಗಳೂರಿನಲ್ಲೇ ಇರುವ ಕರ್ನಾಟಕ ರಾಜ್ಯ ವಕೀಲರ ಪರಿಷತ್ತು. 1961ರ ವಕೀಲರ ಅಧಿನಿಯಮದ 35ನೇ ಕಲಮು ಆ ಅಧಿಕಾರವನ್ನು ಅದಕ್ಕೆ ಕೊಟ್ಟಿದೆ. ದೂರು ಬಂದರೆ, ಅಥವಾ ದೂರಿಲ್ಲದೆಯೂ ನಂಬಲು ಕಾರಣವಿದ್ದರೆ, ಪರಿಷತ್ತು ವಿಷಯವನ್ನು ಮೂವರ ಶಿಸ್ತು ಸಮಿತಿಗೆ ಕಳಿಸಬಹುದು. ಸಮಿತಿ ಛೀಮಾರಿ ಹಾಕಬಹುದು, ಸನ್ನದನ್ನು, ಅಂದರೆ ವಕೀಲಿಕೆಯ ಪರವಾನಗಿಯನ್ನು, ಅಮಾನತಿನಲ್ಲಿಡಬಹುದು, ವಕೀಲರ ಪಟ್ಟಿಯಿಂದ ಹೆಸರನ್ನೇ ತೆಗೆಯಬಹುದು. ಯಾವ ತಪ್ಪಿಗೆ? ಕಲಮು ಹೇಳುವುದು ‘ವೃತ್ತಿಪರ ಅಥವಾ ಇತರ ದುರ್ನಡತೆ’ಗೆ. ಕಕ್ಷಿದಾರನ ಹಣ ನುಂಗುವುದು, ಎದುರುಪಕ್ಷದ ಜತೆ ಒಳಗೊಳಗೇ ಕೈಜೋಡಿಸುವುದು ಮೊದಲನೆಯದರಲ್ಲಿ ಬರುತ್ತವೆ. ಎರಡನೆಯದರಲ್ಲಿ ಏನೇನು ಬರುತ್ತದೆಂದು ಅಧಿನಿಯಮ ಎಲ್ಲೂ ಹೇಳಿಲ್ಲ. ಬೇಕೆಂದೇ ಬಾಗಿಲು ತೆರೆದಿಟ್ಟಿದ್ದಾರೆ.

ಭಾರತೀಯ ವಕೀಲರ ಪರಿಷತ್ತಿನ ನಿಯಮಗಳು ಆ ಬಾಗಿಲನ್ನು ಇನ್ನಷ್ಟು ಅಗಲ ಮಾಡಿವೆ. ವಕೀಲರ ನಡವಳಿಕೆಯ ಅಧ್ಯಾಯದ ಪೀಠಿಕೆ ಹೇಳುವುದರ ಸಾರ ಇಷ್ಟು: ಬೇರೆಯವರಿಗೆ ಕಾನೂನುಬದ್ಧವೂ ನೈತಿಕವೂ ಆದ ಕೆಲಸ, ಸ್ವತಃ ವಕೀಲನಿಗೇ ವೃತ್ತಿಯ ಹೊರಗೆ ಸರಿಯಾದ ಕೆಲಸ ಕೂಡ, ವಕೀಲನ ಸ್ಥಾನದಲ್ಲಿ ಅನುಚಿತವಾಗಬಹುದು. ‘ಸಭ್ಯ ಗೃಹಸ್ಥ’ನಂತೆ ಇರಬೇಕೆಂಬ ಮಾತೂ ಅಲ್ಲಿದೆ. ಈ ಪೀಠಿಕೆಯನ್ನು ಓದಿದವರಿಗೆ ಟೀ ಅಂಗಡಿಯ ಪ್ರಶ್ನೆಗೆ ಉತ್ತರ ಸಿಕ್ಕೇಬಿಟ್ಟಿತು ಅನ್ನಿಸುತ್ತದೆ. ವ್ಯವಹಾರದಲ್ಲಿ ಮಾತ್ರ ಹಾಗಿಲ್ಲ.

‘ಇತರ’ ಎಂಬ ಈ ಬಾಗಿಲಿಗೆ ಇಂಗ್ಲೆಂಡಿನಲ್ಲಿ ಒಂದು ಹಳೆಯ ಮೇಲ್ಪಂಕ್ತಿ ಇದೆ. 1893ರಲ್ಲಿ ಅಲ್ಲಿನ ನ್ಯಾಯಾಲಯದ ಮುಂದೆ ವೇರ್ ಎಂಬ ಸಾಲಿಸಿಟರನ ಪ್ರಕರಣ ಬಂತು. ಆತ ವೇಶ್ಯಾಗೃಹ ನಡೆಯುತ್ತಿದೆಯೆಂದು ಗೊತ್ತಿದ್ದೂ ತನ್ನ ಮನೆಗಳನ್ನು ಬಾಡಿಗೆಗೆ ಕೊಟ್ಟಿದ್ದ, ಅದಕ್ಕೆ ಶಿಕ್ಷೆಯೂ ಆಗಿತ್ತು. ಕಕ್ಷಿದಾರರಿಗೆ ಆತ ಮೋಸ ಮಾಡಿರಲಿಲ್ಲ. ಆದರೂ ನ್ಯಾಯಾಲಯ ಆತನ ಹೆಸರು ತೆಗೆಯಿತು. ಗೌರವದ ವೃತ್ತಿಯೊಂದರಲ್ಲಿ ಉಳಿಯಬಾರದಷ್ಟು ನಾಚಿಕೆಗೇಡಿನ ಕೆಲಸ ಮಾಡಿದ್ದಾನೆಯೇ ಎಂಬುದೇ ಅಲ್ಲಿ ಅಳತೆಗೋಲಾಯಿತು. ನಮ್ಮಲ್ಲಿ 1879ರ ಲೀಗಲ್ ಪ್ರಾಕ್ಟಿಷನರ್ಸ್ ಕಾಯ್ದೆ ‘ಬೇರಾವುದೇ ಸಮಂಜಸ ಕಾರಣ’ಕ್ಕೆ ಪ್ಲೀಡರನನ್ನು ತೆಗೆಯಬಹುದೆಂದಿತ್ತು. 1926ರ ಬಾರ್ ಕೌನ್ಸಿಲ್ ಕಾಯ್ದೆಯಲ್ಲಿ ‘ಇತರ ದುರ್ನಡತೆ’ ಬಂತು. ಅದೇ 1961ರಲ್ಲೂ ಉಳಿಯಿತು.

ಈ ಅಳತೆಗೋಲು ಯಾರ ಕೈಯಲ್ಲಿದೆ ಎಂಬುದೇ ಮುಖ್ಯ. 1922ರಲ್ಲಿ ರಾಜದ್ರೋಹದ ಶಿಕ್ಷೆಯಾದ ಮೇಲೆ ಲಂಡನ್ನಿನ ಇನ್ನರ್ ಟೆಂಪಲ್ ಎಂಬ ಬ್ಯಾರಿಸ್ಟರರ ಸಂಸ್ಥೆ ಗಾಂಧೀಜಿಯ ಹೆಸರನ್ನು ಬ್ಯಾರಿಸ್ಟರರ ಪಟ್ಟಿಯಿಂದ ಹೊಡೆದುಹಾಕಿತು. ಮರಳಿ ಸೇರಿಸಿದ್ದು 1988ರಲ್ಲಿ, ಅವರು ತೀರಿಕೊಂಡು ನಲವತ್ತು ವರ್ಷ ಕಳೆದ ಮೇಲೆ. ಆ ಕಾಲದ ಬೆಂಚರರಿಗೆ, ಅಂದರೆ ಆ ಸಂಸ್ಥೆಯನ್ನು ನಡೆಸುವ ಹಿರಿಯರಿಗೆ, ಆ ಶಿಕ್ಷೆ ಕಳಂಕವಾಗಿಯೇ ಕಂಡಿತ್ತು.

ಇಂದಿನ ಸ್ಥಿತಿ ತಿಳಿಯಲು ಸುಪ್ರೀಂ ಕೋರ್ಟಿನ ಎರಡು ಪ್ರಕರಣಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ಒಂದು ಉತ್ತರ ಪ್ರದೇಶದ ಬದಾಯೂಂನದು. ಅಲ್ಲಿನ ವಕೀಲನೊಬ್ಬ 1971ರಲ್ಲಿ ನ್ಯಾಯಾಲಯದೊಳಗೇ ಎದುರಾಳಿಯ ಮೇಲೆ ಚಾಕುವಿನಿಂದ ಹಲ್ಲೆ ಮಾಡಿದ. ಕೊಲೆ ಯತ್ನಕ್ಕೆ ಶಿಕ್ಷೆಯಾಯಿತು. ಶಿಕ್ಷೆ ಅಮಾನತಿನಲ್ಲಿದೆ ಎಂದು ರಾಜ್ಯಪಾಲರ ಹೆಸರಿನಲ್ಲಿ ಸುಳ್ಳು ಪತ್ರವೊಂದು ಬಂತು, ಆ ಬಲದಿಂದ ಆತ ಪ್ರಾಕ್ಟೀಸ್ ಮುಂದುವರಿಸಿದ. ಇಷ್ಟಾದರೂ ಪರಿಷತ್ತಿನ ಮಟ್ಟದಲ್ಲಿ ಸನ್ನದು ಉಳಿದೇ ಇತ್ತು. ಕೊನೆಗೆ 1997ರಲ್ಲಿ ಸುಪ್ರೀಂ ಕೋರ್ಟೇ ಹೆಸರು ತೆಗೆಸಿತು.

ಇನ್ನೊಂದು 2004ರದು, ಬಾಡಿಗೆ ವ್ಯಾಜ್ಯದಿಂದ ಹುಟ್ಟಿದ್ದು. ವಕೀಲರೊಬ್ಬರು ತಮ್ಮದೇ ಪ್ರಕರಣದಲ್ಲಿ ಕಕ್ಷಿದಾರರಾಗಿ ತಾವೇ ಹಾಜರಾಗಿದ್ದರು. ಎದುರುಪಕ್ಷದವರನ್ನು ಒದ್ದು, ಕೇಸು ಮುಂದುವರಿಸಬೇಡ ಎಂದು ಬೆದರಿಸಿದರೆಂಬುದು ದೂರು. ಅವರು ಅಲ್ಲಿ ವಕೀಲರಾಗಿ ಇರಲಿಲ್ಲ, ಇದು ವಕೀಲರ ಅಧಿನಿಯಮದ ದುರ್ನಡತೆಯಾಗದು ಎಂದು ದೂರು ಬಿದ್ದುಹೋಯಿತು, ಸುಪ್ರೀಂ ಕೋರ್ಟೂ ಒಪ್ಪಿತು.

ಈ ಎರಡನೆಯ ತೀರ್ಪು ನನಗೆ ಅರಗುವುದಿಲ್ಲ. ತನ್ನ ಕೇಸನ್ನು ತಾನೇ ನಡೆಸುವ ವಕೀಲನ ಹತ್ತಿರ ಎದುರುಪಕ್ಷದವನ ಹತ್ತಿರ ಇಲ್ಲದ್ದು ಬಹಳ ಇರುತ್ತದೆ: ಗುಮಾಸ್ತರ ಪರಿಚಯ, ಸಂಘದ ಬೆಂಬಲ, ನಾಳೆಯೂ ನಾಡಿದ್ದೂ ಅದೇ ಕೋರ್ಟ್ ಹಾಲಿನಲ್ಲಿ ನಿಲ್ಲುವವನು ಎಂಬ ಧೈರ್ಯ. ಚಿಕ್ಕಬಾಣಾವರದ ಬಾಡಿಗೆದಾರ ಹೆದರುವುದು ಮಾಲೀಕನ ಮುಷ್ಟಿಗಲ್ಲ, ಲೆಟರ್‌ಹೆಡ್ಡಿಗೆ. ಬೆಂಗಳೂರಿನಲ್ಲಿ ಮನೆ ಹುಡುಕಿದ ಯುವ ವಕೀಲರನ್ನು ಕೇಳಿ ನೋಡಿ, ‘ಲಾಯರ್‌ಗೂ ಪೊಲೀಸ್‌ಗೂ ಮನೆ ಕೊಡಲ್ಲ’ ಎಂಬ ಉತ್ತರ ಅವರಿಗೆ ಹೊಸದಲ್ಲ. 2012ರ ಮಾರ್ಚ್ 2ರಂದು ಸಿಟಿ ಸಿವಿಲ್ ಕೋರ್ಟ್ ಆವರಣದಲ್ಲಿ ವಕೀಲರು, ಪತ್ರಕರ್ತರು, ಪೊಲೀಸರ ನಡುವೆ ನಡೆದ ಹೊಡೆದಾಟವನ್ನು ಟಿ.ವಿ.ಯಲ್ಲಿ ನೋಡಿದ ಊರಿದು. ಮನೆ ಸಿಗದ ಹುಡುಗರ ಪಾಡು ಅನ್ಯಾಯವೇ. ಆದರೆ ಜನರ ಹೆದರಿಕೆಯೂ ಸುಮ್ಮನೆ ಹುಟ್ಟಿದ್ದಲ್ಲ.

ಟೀ ಅಂಗಡಿಯ ಪ್ರಶ್ನೆಗೆ ಬರೋಣ. ಸರ್ಕಾರಿ ನೌಕರ ಮೊದಲ ಹೆಂಡತಿ ಬದುಕಿರುವಾಗ ಇನ್ನೊಂದು ಮದುವೆಯಾದರೆ ಅವನ ನಡತೆ ನಿಯಮಗಳಲ್ಲೇ ಅದಕ್ಕೆ ತಡೆಯಿದೆ, ಇಲಾಖಾ ವಿಚಾರಣೆ ಏಳುತ್ತದೆ. ವಕೀಲನಿಗೆ ಅಂಥ ನಿಯಮವಿಲ್ಲ. ವ್ಯಭಿಚಾರ ಅಪರಾಧವಲ್ಲ ಎಂದು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 27ರಂದು ದಂಡ ಸಂಹಿತೆಯ 497ನೇ ಕಲಮನ್ನೇ ರದ್ದು ಮಾಡಿತು. ವಿಚ್ಛೇದನಕ್ಕೆ ಅದು ಕಾರಣವಾಗಿ ಉಳಿದಿದೆ, ಜೈಲಿಗೆ ಕಾರಣವಲ್ಲ. ಎರಡನೆಯ ಮದುವೆ ಮಾತ್ರ ಈಗಲೂ ಅಪರಾಧ. ಹಿಂದಿನ 494, ಈಗ ಭಾರತೀಯ ನ್ಯಾಯ ಸಂಹಿತೆಯ 82ನೇ ಕಲಮು, ಏಳು ವರ್ಷದವರೆಗೆ ಸಜೆ. ಹಾಗಾಗಿ ‘ಎರಡು ಸಂಸಾರ’ ಎನ್ನುವುದರೊಳಗೆ ಕಾನೂನು ಮೊದಲು ಹುಡುಕುವುದು ತಾಳಿ ಕಟ್ಟಿದ್ದಾನೆಯೇ ಎಂಬುದನ್ನು. ಕಟ್ಟದೆ ಇಟ್ಟುಕೊಂಡವನು ಪಾರಾಗುತ್ತಾನೆ, ಕಟ್ಟಿದವನು ಸಿಕ್ಕಿಬೀಳುತ್ತಾನೆ. ಊರಿನ ನೀತಿಗೆ ಇದು ತಲೆಕೆಳಗಾಗಿ ಕಂಡರೆ ಊರಿನ ತಪ್ಪಲ್ಲ.

ಅಪರಾಧ ಸಾಬೀತಾದರೂ ಸನ್ನದು ತಾನಾಗಿ ಹೋಗಿಬಿಡುತ್ತದೆಯೇ? ಹೊಸದಾಗಿ ನೋಂದಾಯಿಸಿಕೊಳ್ಳುವವರಿಗೆ 24ಎ ಕಲಮು ಅಡ್ಡಿಯಾಗುತ್ತದೆ: ನೈತಿಕ ಅಧಃಪತನದ ಅಪರಾಧಕ್ಕೆ ಶಿಕ್ಷೆಯಾದವರು ವಕೀಲರಾಗುವಂತಿಲ್ಲ. ಆದರೆ ಬಿಡುಗಡೆಯಾಗಿ ಎರಡು ವರ್ಷ ಕಳೆದರೆ ಆ ಅಡ್ಡಿಯೂ ಇಲ್ಲ. ನೈತಿಕ ಅಧಃಪತನ ಎಂದರೇನೆಂದು ಅಧಿನಿಯಮ ಹೇಳುವುದಿಲ್ಲ. ಮಹಿಪಾಲ್ ಸಿಂಗ್ ರಾಣಾ ಎಂಬ ವಕೀಲರ ಪ್ರಕರಣದಲ್ಲಿ 2016ರಲ್ಲಿ ಸುಪ್ರೀಂ ಕೋರ್ಟ್, 24ಎ ಅಡ್ಡಿ ಈಗಾಗಲೇ ವಕೀಲರಾದವರಿಗೂ ಅನ್ವಯವಾಗಬೇಕೆಂದು ಹೇಳಿ, ವಕೀಲರ ಅಧಿನಿಯಮವನ್ನೇ ಮರುಪರಿಶೀಲಿಸಿ ಎಂದು ಕಾನೂನು ಆಯೋಗವನ್ನು ಕೇಳಿತು. ಕಾನೂನು ಆಯೋಗ 2017ರಲ್ಲಿ 266ನೇ ವರದಿ ಕೊಟ್ಟು ದುರ್ನಡತೆಗೆ ವ್ಯಾಖ್ಯೆ ಸೂಚಿಸಿತು. ವಕೀಲರು ಅದರ ವಿರುದ್ಧ ಬೀದಿಗಿಳಿದರು. ವ್ಯಾಖ್ಯೆ ವರದಿಯಲ್ಲೇ ಉಳಿಯಿತು.

ಖಾಸಗಿ ನೀತಿಯನ್ನು ನಿಜಕ್ಕೂ ಹಿಡಿದು ಶಿಕ್ಷಿಸುವ ದೇಶ ಬೇಕೆಂದರೆ ಫಿಲಿಪ್ಪೀನ್ಸ್ ನೋಡಬೇಕು. ‘ಅತಿ ಅನೈತಿಕ ನಡತೆ’ ಎಂಬುದು ಅಲ್ಲಿನ ನಿಯಮಗಳಲ್ಲೇ ಸನ್ನದು ಕಳೆಯುವ ಕಾರಣವಾಗಿ ಬರೆದಿದೆ. ಹೆಂಡತಿಯನ್ನು ಬಿಟ್ಟು ಬೇರೊಬ್ಬಳೊಂದಿಗೆ ಸಂಸಾರ ಹೂಡಿದ ವಕೀಲರ ಹೆಸರನ್ನು ಅಲ್ಲಿನ ಸುಪ್ರೀಂ ಕೋರ್ಟ್ ಮತ್ತೆ ಮತ್ತೆ ತೆಗೆದಿದೆ. ಅದರ ಇನ್ನೊಂದು ಮುಖವೂ ಇದೆ. 1970ರಲ್ಲಿ ವಕೀಲರ ಪರೀಕ್ಷೆ ಪಾಸಾದ ಒಬ್ಬನ ಮೇಲೆ, ಮದುವೆಯಾಗುತ್ತೇನೆಂದು ಮಾತು ಕೊಟ್ಟು, ಮಗುವಾದ ಮೇಲೆ ಬೇರೊಬ್ಬಳನ್ನು ಮದುವೆಯಾದನೆಂದು ಹಳೆಯ ಗೆಳತಿ ದೂರು ಕೊಟ್ಟಳು. ಆತ ಪ್ರಮಾಣವಚನ ಸ್ವೀಕರಿಸಲು 1997ರವರೆಗೆ ಕಾಯಬೇಕಾಯಿತು. ಇದು ಸನ್ನದು ತಡೆಯುವಷ್ಟು ಅನೈತಿಕವಲ್ಲ ಎಂದು ಕೊನೆಗೆ ಹೇಳಿದ್ದು ಅದೇ ನ್ಯಾಯಾಲಯ. ಅಷ್ಟರಲ್ಲಿ ಮನುಷ್ಯನ ದುಡಿಯುವ ವಯಸ್ಸೆಲ್ಲ ಕಳೆದಿತ್ತು.

ಇಂಗ್ಲೆಂಡ್ ಈಗ ವೇರ್‌ನ ಕಾಲದಿಂದ ದೂರ ಬಂದಿದೆ. ಲಂಡನ್ನಿನ ದೊಡ್ಡ ಕಾನೂನು ಸಂಸ್ಥೆಯೊಂದರ ಪಾಲುದಾರ, ಕುಡಿದ ರಾತ್ರಿಯೊಂದರಲ್ಲಿ ಕಿರಿಯ ಸಹೋದ್ಯೋಗಿಯೊಂದಿಗೆ ನಡೆದುಕೊಂಡ ರೀತಿಗೆ ಶಿಸ್ತು ಮಂಡಳಿ 35,000 ಪೌಂಡ್ ದಂಡ ಹಾಕಿ, ಮೇಲೆ 2 ಲಕ್ಷ ಪೌಂಡ್ ಖರ್ಚನ್ನೂ ಹೊರಿಸಿತ್ತು. 2020ರ ನವೆಂಬರ್‌ನಲ್ಲಿ ಹೈಕೋರ್ಟ್ ಅದನ್ನು ರದ್ದು ಮಾಡಿತು. ಆತ ಸ್ಥಾನದ ದುರುಪಯೋಗ ಮಾಡಿದ್ದಾನೆಂದು ಮಂಡಳಿಯೇ ಹೇಳಿರಲಿಲ್ಲ. ವೃತ್ತಿಗೆ ತಾಕುತ್ತದೆಂದು ತೋರಿಸದಿದ್ದರೆ ಖಾಸಗಿ ಬದುಕಿನೊಳಗೆ ನಿಯಂತ್ರಕರು ಕೈಹಾಕುವಂತಿಲ್ಲ, ಜನರ ಬೊಬ್ಬೆ ಸಾಕ್ಷ್ಯವಲ್ಲ ಎಂದಿತು ಕೋರ್ಟು.

ಆ ಕೊನೆಯ ಮಾತು ಕರ್ನಾಟಕದವರಿಗೆ ತಟ್ಟಬೇಕು. 2002ರ ನವೆಂಬರಿನಲ್ಲಿ ಮೈಸೂರಿನ ಬಳಿಯ ರೆಸಾರ್ಟೊಂದರ ಸುದ್ದಿ ರಾಜ್ಯವನ್ನೇ ಅಲ್ಲಾಡಿಸಿತ್ತು. ಹೈಕೋರ್ಟಿನ ಮೂವರು ನ್ಯಾಯಮೂರ್ತಿಗಳು ಮಹಿಳಾ ವಕೀಲರ ಜತೆ ಅಲ್ಲಿದ್ದರೆಂದು ಪತ್ರಿಕೆಗಳು ಬರೆದವು. ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿ ಬೇರೆ ಹೈಕೋರ್ಟುಗಳ ಮೂವರು ನ್ಯಾಯಮೂರ್ತಿಗಳ ಸಮಿತಿ ಮಾಡಿದರು. ಆರೋಪಕ್ಕೆ ಆಧಾರ ಸಿಕ್ಕಲಿಲ್ಲ. ಈ ನಡುವೆ ಹೈಕೋರ್ಟ್ ಪತ್ರಿಕೆಗಳ ಮೇಲೆ ನ್ಯಾಯಾಂಗ ನಿಂದನೆಯ ಪ್ರಕರಣ ಹೂಡಿತು, ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ಅಲ್ಲಿಗೆ ಕಡತ ಮುಚ್ಚಿತು. ಆದರೆ ಇಂಥ ಸುದ್ದಿ ಹಬ್ಬಿದಾಗ ಗಂಡಸರ ಕಡತ ಮುಚ್ಚುವಷ್ಟು ಸುಲಭವಾಗಿ ಹೆಂಗಸರ ಬಗೆಗಿನ ಪಿಸುಮಾತು ಮುಚ್ಚುವುದಿಲ್ಲ. ನೀತಿಯ ಹೆಸರಿನಲ್ಲಿ ಶಿಸ್ತು ಬೇಕೆನ್ನುವವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ರಾತ್ರಿ ತಡವಾಗಿ ಸೀನಿಯರ್ ಆಫೀಸಿನಿಂದ ಹೊರಬರುವ ಜೂನಿಯರ್ ಹುಡುಗಿ, ಗಂಡನಿಂದ ದೂರವಾಗಿ ಒಬ್ಬಳೇ ಮನೆ ಮಾಡಿರುವ ವಕೀಲೆ: ‘ಸಭ್ಯತೆ’ಯ ಅಳತೆಗೋಲು ಮೊದಲು ಬೀಳುವುದು ಇವರ ಮೇಲೆಯೇ.

ಹಾಗಾದರೆ ಖಾಸಗಿ ಬದುಕಿಗೆ ಪರಿಷತ್ತು ತಲೆಹಾಕಲೇಬಾರದೇ? ಹಾಕಬೇಕು, ಆದರೆ ಬೇರೆ ಗುರುತು ಹಿಡಿದು. ಕೆಲಸ ಅನೈತಿಕವೇ ಎಂದು ಕೇಳುವುದಕ್ಕಿಂತ, ಆ ಕೆಲಸದಲ್ಲಿ ಸನ್ನದಿನ ಬಲ ಬಳಕೆಯಾಗಿದೆಯೇ ಎಂದು ಕೇಳಬೇಕು. ಇಬ್ಬರು ವಯಸ್ಕರ ಒಪ್ಪಿಗೆಯ ಸಂಬಂಧ, ಮುರಿದುಬಿದ್ದ ಮದುವೆ, ಕುಡಿತ, ತೀರಿಸಲಾಗದ ಸಾಲ, ಇವು ಹೆಂಡತಿಗೆ, ಸಾಲ ಕೊಟ್ಟವನಿಗೆ, ಕೌಟುಂಬಿಕ ನ್ಯಾಯಾಲಯಕ್ಕೆ ಬಿಟ್ಟ ವಿಷಯ. ಆದರೆ ವಿಚ್ಛೇದನಕ್ಕೆ ಬಂದ ಹೆಂಗಸಿನ ದಿಕ್ಕೆಟ್ಟ ಸ್ಥಿತಿಯನ್ನು ತನ್ನ ಹಾಸಿಗೆಗೆ ದಾರಿ ಮಾಡಿಕೊಂಡ ವಕೀಲನದು ಖಾಸಗಿ ವಿಷಯವಲ್ಲ. ಅಮೆರಿಕದ ಬಾರ್ ಅಸೋಸಿಯೇಷನ್ನಿನ ಮಾದರಿ ನಿಯಮಗಳಲ್ಲಿ ಇದಕ್ಕೆ 2002ರಿಂದ ನೇರ ನಿಷೇಧವಿದೆ, ಮೊದಲಿಂದಲೇ ಸಂಬಂಧವಿದ್ದವರನ್ನು ಬಿಟ್ಟು. ನಮ್ಮ ನಿಯಮಗಳು ಕಕ್ಷಿದಾರನ ಹಣದ ಬಗ್ಗೆ ಅಷ್ಟೆಲ್ಲ ಬರೆದು, ಈ ಬಗ್ಗೆ ಒಂದು ಸಾಲನ್ನೂ ಬರೆದಿಲ್ಲ. ‘ಸಭ್ಯ ಗೃಹಸ್ಥ’ ಎಂದರೆ ಅದೆಲ್ಲ ಬಂತು ಅಂದುಕೊಂಡಿರಬೇಕು.

ಚೇಂಬರಿನೊಳಗಿನ ಜೂನಿಯರುಗಳ ವಿಷಯವೂ ಇದೇ. ಕೆಲಸದ ಸ್ಥಳದ ಲೈಂಗಿಕ ಕಿರುಕುಳ ತಡೆಯುವ ವಿಶಾಖಾ ಮಾರ್ಗಸೂಚಿಗಳನ್ನು ವಕೀಲರ ಸಂಘಗಳೂ ಪಾಲಿಸುವಂತೆ ನೋಡಿಕೊಳ್ಳಬೇಕೆಂದು ಸುಪ್ರೀಂ ಕೋರ್ಟ್ 2012ರ ಅಕ್ಟೋಬರಿನಲ್ಲೇ ಮೇಧಾ ಕೊತ್ವಾಲ್ ಲೆಲೆ ಪ್ರಕರಣದಲ್ಲಿ ಭಾರತೀಯ ವಕೀಲರ ಪರಿಷತ್ತಿಗೆ ಹೇಳಿತ್ತು. 2021ರಲ್ಲಿ ಮಂಗಳೂರಿನಲ್ಲಿ ಕಾನೂನು ವಿದ್ಯಾರ್ಥಿನಿಯೊಬ್ಬರು ತಾವು ತರಬೇತಿಗೆ ಸೇರಿದ್ದ ಕಚೇರಿಯ ವಕೀಲರ ಮೇಲೆ ಲೈಂಗಿಕ ಕಿರುಕುಳದ ದೂರು ಕೊಟ್ಟಾಗ, ನಮ್ಮ ರಾಜ್ಯ ಪರಿಷತ್ತು ವಿಚಾರಣೆ ಮುಗಿಯುವವರೆಗೆ ಆ ವಕೀಲರನ್ನು ಅಮಾನತಿನಲ್ಲಿಟ್ಟಿತು. ಆರೋಪ ಆರೋಪವೇ, ತೀರ್ಪಲ್ಲ. ಆದರೂ ಪರಿಷತ್ತಿಗೆ ಬೇಗ ಕ್ರಮ ಕೈಗೊಳ್ಳಲು ಬರುತ್ತದೆ ಎಂಬುದು ಅಲ್ಲಿ ಗೊತ್ತಾಯಿತು. 2025ರ ಜುಲೈಯಲ್ಲಿ ಬಾಂಬೆ ಹೈಕೋರ್ಟ್, ಪರಿಷತ್ತು ವಕೀಲರಿಗೆ ಉದ್ಯೋಗದಾತನಲ್ಲವಾದ್ದರಿಂದ 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯ ಸಮಿತಿ ರಚಿಸುವ ಹೊಣೆ ಅದಕ್ಕಿಲ್ಲ ಎಂದಿತು. ಉಳಿಯುವುದು 35ನೇ ಕಲಮೇ ಎಂದು ಹೈಕೋರ್ಟೇ ತೋರಿಸಿದೆ. ಹಾಗಾಗಿ ಆ ಕಲಮಿನ ‘ಇತರ’ಕ್ಕೆ ಈಗ ನಿಜವಾದ ಕೆಲಸ ಬಂದಿದೆ.

ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ಬಗೆ, ಅದರ ಬಗ್ಗೆ ಮಾತು ಕಡಿಮೆ. ವಕೀಲನ ಹೆಂಡತಿ ಜೀವನಾಂಶಕ್ಕೆ ಅರ್ಜಿ ಹಾಕಬೇಕೆಂದು ಹೊರಡುತ್ತಾಳೆ. ತಾಲ್ಲೂಕು ಕೋರ್ಟಿನ ಪುಟ್ಟ ಸಂಘದಲ್ಲಿ ಎಲ್ಲರೂ ಗಂಡನ ಸ್ನೇಹಿತರು. ‘ಅಕ್ಕಾ, ನಮ್ಮ ಕಲೀಗ್ ಅವ್ರು, ನಾನು ಹೆಂಗೆ ವಕಾಲತ್ತು ಹಾಕ್ಲಿ?’ ಎಂಬ ಉತ್ತರ ಬರುತ್ತದೆ. ಗಂಡನಿಗೆ ಫೀಸಿನ ಖರ್ಚಿಲ್ಲ, ವಾಯಿದೆಗೆ ಬರವಿಲ್ಲ. ಅವಳಿಗೆ ಪ್ರತಿ ಹಾಜರಿಗೂ ಬಸ್ಸು, ರಜೆ, ಕಳೆದುಕೊಂಡ ಕೂಲಿ. ಸಂಸಾರದ ಜಗಳ ಇಲ್ಲಿ ವೃತ್ತಿಯ ಜಗಳವಾಯಿತು. ಇಂಥ ನಿರಾಕರಣೆ ಸಂಘದ ನಿರ್ಣಯವಾಗಿ ಬಂದರೆ ಅದು ಕಾನೂನುಬಾಹಿರ, ಅಂಥ ನಿರ್ಣಯಗಳು ಶೂನ್ಯ ಎಂದು ಸುಪ್ರೀಂ ಕೋರ್ಟ್ ಮೊಹಮ್ಮದ್ ರಫಿ ಪ್ರಕರಣದಲ್ಲಿ 2010ರ ಡಿಸೆಂಬರಿನಲ್ಲಿ ಹೇಳಿದೆ. 2020ರಲ್ಲಿ ಹುಬ್ಬಳ್ಳಿ ವಕೀಲರ ಸಂಘ ಮೂವರು ಕಾಶ್ಮೀರಿ ವಿದ್ಯಾರ್ಥಿಗಳ ಪರ ಯಾರೂ ನಿಲ್ಲಬಾರದೆಂದು ನಿರ್ಣಯಿಸಿದಾಗ, ಕರ್ನಾಟಕ ಹೈಕೋರ್ಟಿನ ಅಂದಿನ ಮುಖ್ಯ ನ್ಯಾಯಮೂರ್ತಿ ಅಭಯ್ ಓಕಾ ಅವರಿದ್ದ ಪೀಠ ಸಂಘವನ್ನು ತರಾಟೆಗೆ ತೆಗೆದುಕೊಂಡಿತು. ಅಲ್ಲಿ ನಿರ್ಣಯವಾದರೂ ಕಾಗದದ ಮೇಲಿತ್ತು. ವಕೀಲನ ಹೆಂಡತಿಯ ವಿಷಯದಲ್ಲಿ ಯಾರೂ ನಿರ್ಣಯ ಬರೆಯುವುದಿಲ್ಲ, ಕ್ಯಾಂಟೀನಿನಲ್ಲಿ ಒಂದು ಮಾತು ಸಾಕು. ಎರಡು ಸಂಸಾರಕ್ಕಿಂತ ಸನ್ನದು ಕಳೆಯಲು ನನಗೆ ಇದೇ ದೊಡ್ಡ ಕಾರಣವಾಗಿ ಕಾಣುತ್ತದೆ.

ದೂರು ಕೊಡುವವರಿಗೆ ಕೆಲವು ಮಾತು. ಶಿಸ್ತು ಸಮಿತಿಯ ವಿಚಾರಣೆ ಅರೆ-ಕ್ರಿಮಿನಲ್ ಸ್ವರೂಪದ್ದು. ‘ಊರಿಗೆಲ್ಲ ಗೊತ್ತು’ ಎಂಬುದು ಅಲ್ಲಿ ಸಾಕ್ಷ್ಯವಲ್ಲ, ಅನುಮಾನದ ಲಾಭ ವಕೀಲನಿಗೆ ಹೋಗುತ್ತದೆ. 1980ರ ದಶಕದ ಕೊನೆಯಲ್ಲಿ ಕರ್ನಾಟಕದಿಂದ ಹೋದ ಪ್ರಕರಣವೊಂದರಲ್ಲಿ, ಕಕ್ಷಿದಾರನ ಸೂಚನೆಯಿಲ್ಲದೆ ದಾವೆ ಹಿಂತೆಗೆದುಕೊಂಡ ಆರೋಪ ಹೊತ್ತಿದ್ದ ವಕೀಲರ ಶಿಕ್ಷೆಯನ್ನು ಸುಪ್ರೀಂ ಕೋರ್ಟ್ ತೆಗೆದುಹಾಕಿ ಮರುವಿಚಾರಣೆಗೆ ಕಳಿಸಿತು. ಆರೋಪವನ್ನೇ ಸ್ಪಷ್ಟವಾಗಿ ರೂಪಿಸಿರಲಿಲ್ಲ ಎಂಬುದು ಒಂದು ಕಾರಣ. ತೀರ್ಪಿನ ಶೀರ್ಷಿಕೆಯಲ್ಲಿ ಅವರ ಹೆಸರಿಲ್ಲ, ‘ಒಬ್ಬ ವಕೀಲ’ ಎಂದಷ್ಟೇ ಇದೆ. ತಪ್ಪು ರುಜುವಾತಾಗುವ ಮೊದಲೇ ಹೆಸರು ಹಾಳಾಗಬಾರದೆಂಬ ಆ ಎಚ್ಚರ ವಾಟ್ಸ್‌ಆ್ಯಪ್ ಕಾಲದಲ್ಲಿ ಇನ್ನೂ ಬೇಕು. ಎದುರುಪಕ್ಷದ ವಕೀಲನ ಮೇಲಿನ ಸಿಟ್ಟಿಗೆ ದೂರು ಕೊಟ್ಟರೆ ಅದೂ ನಿಲ್ಲದು: ದೂರುದಾರನಿಗೂ ವಕೀಲನಿಗೂ ವೃತ್ತಿಯ ಸಂಬಂಧ ಸಾಮಾನ್ಯವಾಗಿ ಇರಲೇಬೇಕೆಂದು 2025ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿ, ಅಂಥ ದೂರನ್ನು ಶಿಸ್ತು ಸಮಿತಿಗೆ ಕಳಿಸಿದ್ದ ಮಹಾರಾಷ್ಟ್ರ-ಗೋವಾ ಪರಿಷತ್ತಿಗೆ 50,000 ರೂಪಾಯಿ ಖರ್ಚು ಹಾಕಿತು. ಅದು ವೃತ್ತಿಪರ ದುರ್ನಡತೆಯ ಮಾತು. ‘ಇತರ’ದ ಬಾಗಿಲು ಮುಚ್ಚಿಲ್ಲ, ಆದರೆ ಪರಿಷತ್ತುಗಳು ಇನ್ನು ಮುಂದೆ ಅದರ ಹತ್ತಿರ ಸುಳಿಯಲು ಅಂಜುತ್ತವೆ.

ರಾಜ್ಯ ಪರಿಷತ್ತು ಒಂದು ವರ್ಷದಲ್ಲಿ ದೂರು ತೀರ್ಮಾನಿಸದಿದ್ದರೆ 36ಬಿ ಕಲಮಿನಂತೆ ಅದು ದಿಲ್ಲಿಯಲ್ಲಿರುವ ಭಾರತೀಯ ವಕೀಲರ ಪರಿಷತ್ತಿಗೆ ಹೋಗುತ್ತದೆ. ಅಲ್ಲಿಂದ 60 ದಿನದೊಳಗೆ ಸುಪ್ರೀಂ ಕೋರ್ಟಿಗೆ ಮೇಲ್ಮನವಿ. ಚಿಕ್ಕಬಾಣಾವರದ ಗಾರ್ಮೆಂಟ್ಸ್ ಹೆಣ್ಣುಮಗಳಿಗೆ ದಿಲ್ಲಿ ಎಷ್ಟು ದೂರವೆಂದು ಹೇಳಬೇಕಾಗಿಲ್ಲ. ತೀರ್ಪು ಕೊಡುವ ರಾಜ್ಯ ಪರಿಷತ್ತಿನ 25 ಸದಸ್ಯರನ್ನು ಆರಿಸುವವರೂ ವಕೀಲರೇ, ಅಂದರೆ ಇವತ್ತಿನ ಆರೋಪಿ ನಾಳೆಯ ಮತದಾರ. ಶಿಸ್ತು ಸಮಿತಿಯಲ್ಲಿ ವಕೀಲರಲ್ಲದ ಒಬ್ಬರಿಗಾದರೂ ಜಾಗ ಸಿಗುವವರೆಗೆ ಈ ಅನುಮಾನ ಹೋಗುವುದಿಲ್ಲ.

ವಕೀಲ ಗಂಡನ ಎದುರು ವಕೀಲ ಸಿಗದ ಹೆಂಗಸಿಗೆ ಮಾತ್ರ ಅಷ್ಟು ಕಾಯಬೇಕಾಗಿಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಅಧಿನಿಯಮದ 12ನೇ ಕಲಮಿನಂತೆ ಯಾವ ಹೆಣ್ಣಿಗೂ ಆದಾಯ ಎಷ್ಟೆಂದು ಕೇಳದೆ ಉಚಿತ ವಕೀಲರನ್ನು ಕೊಡಬೇಕು. ಬೆಂಗಳೂರಿನಲ್ಲಿ ಕಾನೂನು ಸೇವಾ ಪ್ರಾಧಿಕಾರದ ಕಚೇರಿಯೂ ಕೌಟುಂಬಿಕ ನ್ಯಾಯಾಲಯಗಳೂ ಸಿದ್ದಯ್ಯ ರಸ್ತೆಯ ನ್ಯಾಯದೇಗುಲ ಕಟ್ಟಡದಲ್ಲೇ ಇವೆ. ಅರ್ಜಿಯಲ್ಲಿ ಗಂಡ ವಕೀಲನೆಂದೂ, ಯಾವ ಸಂಘದ ಸದಸ್ಯನೆಂದೂ ಮೊದಲೇ ಬರೆದು, ಬೇರೆ ಕೋರ್ಟಿನ ಕಡೆಯವರನ್ನು ನೇಮಿಸಿ ಎಂದು ಕೇಳಿಕೊಳ್ಳುವುದು ಒಳ್ಳೆಯದು.